ಲೊಗೊಸ್: ಒಂದು ಗ್ರೀಕ್ ಪದದ ಬೆನ್ನು ಹತ್ತುವ ಬಗೆ

ಹಳೆಯ ಗ್ರೀಕಿನಲ್ಲಿ ಲೊಗೊಸ್‌ನಷ್ಟು ದುಡಿದ ಪದ ಇನ್ನೊಂದಿರಲಾರದು. ಮಾತು, ಲೆಕ್ಕ, ಕಥೆ, ಕಾರಣ, ಅನುಪಾತ, ವಾದ, ಭಾಷಣ, ವಾಕ್ಯ, ವಿವೇಕ, ಕೊನೆಗೆ ದೇವರು. ಹೋಮರನಿಂದ ಹಿಡಿದು ಯೋಹಾನನ ಸುವಾರ್ತೆಯವರೆಗಿನ ಶತಮಾನಗಳಲ್ಲಿ ಇಷ್ಟೆಲ್ಲ ಹೊರೆ ಅದರ ಹೆಗಲೇರಿತು.

ನಾನು ಒಂದು ಸಣ್ಣ ಗುಂಪಿಗೆ ಹಳೆಯ ಗ್ರೀಕ್ ಓದಿಸುತ್ತೇನೆ. ಬಂದವರಲ್ಲಿ ಯಾರಾದರೊಬ್ಬರು ಮೊದಲ ವಾರದಲ್ಲೇ ಲೊಗೊಸ್‌ನ ಅರ್ಥ ಕೇಳುತ್ತಾರೆ. ನಾನು ಹೇಳುವುದಿಲ್ಲ. ಹೇಳಿಬಿಟ್ಟರೆ ಆ ಒಂದು ಅರ್ಥವನ್ನೇ ಎಲ್ಲ ಕಡೆಗೂ ಹೊತ್ತುಕೊಂಡು ಹೋಗುತ್ತಾರೆ, ಹೆರೊಡೊಟಸ್‌ನ ಕಥೆಯಲ್ಲೂ ಯೂಕ್ಲಿಡ್‌ನ ರೇಖೆಗಳಲ್ಲೂ ಅದನ್ನೇ ತುರುಕುತ್ತಾರೆ. ಅದರ ಬದಲು ಪದದ ಬೆನ್ನು ಹತ್ತುವ ಒಂದು ಕ್ರಮ ಕಲಿಸುತ್ತೇನೆ. ಆ ಕ್ರಮದ ತಿರುಳು ಇಷ್ಟೇ: ಪದವನ್ನು ಒಂಟಿಯಾಗಿ ನಿಲ್ಲಿಸಿ ವಿಚಾರಿಸಬೇಡಿ, ಅದರ ಅಕ್ಕಪಕ್ಕ ಯಾರಿದ್ದಾರೆ ನೋಡಿ. ಯಾವ ಕ್ರಿಯಾಪದದ ಜೊತೆ ಬಂದಿದೆ, ಯಾವ ಪದಕ್ಕೆ ಎದುರಾಗಿ ನಿಂತಿದೆ, ಯಾವ ಕಸುಬಿನವರ ಬಾಯಲ್ಲಿದೆ. ಇವಿಷ್ಟನ್ನು ಕೇಳಿಕೊಂಡರೆ ಅರ್ಥ ತಾನಾಗಿ ಮುಖ ತೋರಿಸುತ್ತದೆ. ಇದಕ್ಕೆ ಗ್ರೀಕ್ ಪಂಡಿತರಾಗಬೇಕಿಲ್ಲ. ಲಿಪಿ ಗುರುತಿಸಲು ಬಂದರೆ, ಪಕ್ಕದಲ್ಲಿ ಒಂದು ಅನುವಾದ ಇದ್ದರೆ, ಶುರು ಮಾಡಬಹುದು.

ಮೊದಲು ಕನ್ನಡದಲ್ಲಿ ಸರಿಯಾಗಿ ಬರೆದುಕೊಳ್ಳಿ

ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ಗ್ರೀಕಿನಲ್ಲಿ ಎ, ಒ ಎರಡಕ್ಕೂ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಅಕ್ಷರ ಇವೆ: ಎಪ್ಸಿಲಾನ್ ಮತ್ತು ಈಟಾ, ಒಮಿಕ್ರಾನ್ ಮತ್ತು ಒಮೇಗಾ. ಕನ್ನಡದಲ್ಲೂ ಎ, ಏ, ಒ, ಓ ಇವೆ. ರೋಮನ್ ಲಿಪಿಯಲ್ಲಿ ಅಕ್ಷರದ ತಲೆಯ ಮೇಲೆ ಗೆರೆ ಎಳೆದು ತೋರಿಸಬೇಕಾದ ವ್ಯತ್ಯಾಸ ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಹಾಗಾಗಿ ಲೋಗೋಸ್ ಎಂದು ಎಳೆಯದೆ ಲೊಗೊಸ್ ಎಂದೇ ಬರೆಯಿರಿ, ಎರಡೂ ಒಕಾರ ಹ್ರಸ್ವ. ಅದರ ಕ್ರಿಯಾಪದ ಲೆಗೋ: ಮೊದಲ ಸ್ವರ ಹ್ರಸ್ವ, ಕೊನೆಯದು ದೀರ್ಘ. ಅಥೆನ್ಸ್‌ನವರ ಕಾಲದಲ್ಲಿ ಥ, ಫ, ಖ ನಿಜವಾಗಿ ಮಹಾಪ್ರಾಣಗಳೇ ಆಗಿದ್ದವು, ಅವೂ ನಮ್ಮ ಲಿಪಿಯಲ್ಲಿ ಸಿದ್ಧವಾಗಿವೆ. ನಾಮಪದ ಕ್ರಿಯಾಪದಗಳ ಸಂಬಂಧ ಹಿಡಿಯುವಾಗ ಈ ಹ್ರಸ್ವದೀರ್ಘದ ಎಚ್ಚರ ಕೂಡಲೇ ನೆರವಿಗೆ ಬರುತ್ತದೆ.

ನಾಮಪದವನ್ನು ಬಿಟ್ಟು ಕ್ರಿಯಾಪದ ಹಿಡಿಯಿರಿ

ಗ್ರೀಕ್ ನಾಮಪದಗಳ ಒಂದು ದೊಡ್ಡ ಗುಂಪು ಕ್ರಿಯಾಪದದ ಎಕಾರವನ್ನು ಒಕಾರ ಮಾಡಿಕೊಂಡು ಹುಟ್ಟುತ್ತದೆ. ಫೆರೋ ಎಂದರೆ ಹೊರು, ತರು. ಅದರಿಂದ ಫೊರೊಸ್, ಅಂದರೆ ತಂದು ಒಪ್ಪಿಸುವ ಕಪ್ಪ. ಅಥೆನ್ಸ್ ತನ್ನ ಮಿತ್ರ ನಗರಗಳಿಂದ ವಸೂಲು ಮಾಡುತ್ತಿದ್ದ ಕಪ್ಪಕ್ಕೆ ಇದೇ ಹೆಸರು. ತ್ರೆಪೋ ಎಂದರೆ ತಿರುಗಿಸು, ಅದರಿಂದ ತ್ರೊಪೊಸ್, ಅಂದರೆ ತಿರುವು, ರೀತಿ. ಹಾಗೆಯೇ ಲೆಗೋದಿಂದ ಲೊಗೊಸ್. ಈ ಒಂದು ಸೂತ್ರ ಗೊತ್ತಿದ್ದರೆ ಎಷ್ಟೋ ಪದಗಳ ತವರು ಸಿಗುತ್ತದೆ.

ಲೆಗೋ ಎಂದರೆ "ಹೇಳುತ್ತೇನೆ" ಎಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಕ್ರಿ.ಪೂ. ಐದನೆಯ ಶತಮಾನಕ್ಕೆ ಅದು ಸರಿ. ಆದರೆ ಬೇರು ಇನ್ನೂ ಹಿಂದಿದೆ, ಅದರ ಮೂಲ ಅರ್ಥ ಆಯುವುದು, ಹೆಕ್ಕಿ ಕೂಡಿಸುವುದು. ಲ್ಯಾಟಿನ್ನಿನ ಲೆಗೆರೆ ಇದರ ಒಡಹುಟ್ಟು. ಅದಕ್ಕೂ ಆಯುವುದು ಎಂಬ ಅರ್ಥವಿದೆ, ಅಲ್ಲಿಂದಲೇ ಅಕ್ಷರಗಳನ್ನು ಆಯ್ದು ಓದುವುದು ಎಂಬ ಅರ್ಥ ಬಂತು. ಇದನ್ನು ನಿಘಂಟು ಹೇಳಿತೆಂದು ನಂಬುವುದಕ್ಕಿಂತ ಹೋಮರನಲ್ಲಿ ಕಣ್ಣಾರೆ ಕಾಣುವುದು ಒಳ್ಳೆಯದು.

ಇಲಿಯಡ್‌ನ 23ನೆಯ ಸರ್ಗ ತೆಗೆಯಿರಿ. ಯುದ್ಧದಲ್ಲಿ ಸತ್ತ ಪಟ್ರೊಕ್ಲಸ್‌ನ, ಅಂದರೆ ಅಖಿಲೀಸ್‌ನ ಆಪ್ತ ಗೆಳೆಯನ, ಚಿತೆ ರಾತ್ರಿಯಿಡೀ ಉರಿದಿದೆ. ಬೆಳಗಾಗುವಾಗ ಅಖಿಲೀಸ್ ಅಗಮೆಮ್ನಾನ್‌ಗೂ ಉಳಿದ ನಾಯಕರಿಗೂ ಹೇಳುತ್ತಾನೆ: ಮೊದಲು ಕೆಂಡದ ಮೇಲೆ ದ್ರಾಕ್ಷಾರಸ ಸುರಿದು ಆರಿಸಿ, ಆಮೇಲೆ ಪಟ್ರೊಕ್ಲಸ್‌ನ ಅಸ್ಥಿಗಳನ್ನು ಆಯೋಣ. ಸಾಲು 239ರ ಕೊನೆಯ ಪದ ಲೆಗೋಮೆನ್, ಆಯೋಣ. ಮರುಸಾಲು ಶುರುವಾಗುವುದೇ "ಚೆನ್ನಾಗಿ ಗುರುತಿಸುತ್ತ" ಎಂದು. ಗುರುತಿಸುವುದು ಕಷ್ಟವಿಲ್ಲ, ಅವನು ಚಿತೆಯ ನಡುವೆ ಮಲಗಿದ್ದ, ಮಿಕ್ಕವರು, ಕುದುರೆಗಳು ಮನುಷ್ಯರು ಎನ್ನದೆ, ಅಂಚಿನಲ್ಲಿ ಕಲಸಿಹೋಗಿ ಉರಿದರು ಎಂದು ಕಾರಣವನ್ನೂ ಕೊಡುತ್ತಾನೆ. ಈ ನಾಲ್ಕೈದು ಸಾಲನ್ನು ನಾನು ಯಾವತ್ತೂ ಅವಸರದಲ್ಲಿ ಓದಿಸುವುದಿಲ್ಲ. ಆಯುವುದೆಂದರೆ ಸಿಕ್ಕಿದ್ದನ್ನೆಲ್ಲ ಬಾಚಿ ಗುಡ್ಡೆ ಹಾಕುವುದಲ್ಲ. ಇದು ಅವನದು, ಇದು ಅವನದಲ್ಲ ಎಂದು ಬೇರ್ಪಡಿಸುತ್ತ ಒಂದೊಂದನ್ನೇ ಎತ್ತುವುದು. ಮುಂದೆ ಲೊಗೊಸ್ ಹೊತ್ತ ವಿವೇಕ, ತರ್ಕ ಎಂಬ ಅರ್ಥಗಳ ಮೊಳಕೆ ಈ ಬೂದಿಯಲ್ಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಡಿಸ್ಸಿಯ 24ನೆಯ ಸರ್ಗದಲ್ಲಿ ಆಳುಗಳು ತೋಟದ ಗೋಡೆಗೆ ಕಲ್ಲು ಆಯಲು ಹೋಗಿರುತ್ತಾರೆ, ಅಲ್ಲೂ ಇದೇ ಕ್ರಿಯಾಪದ. ಆದರೆ ಬಿಡದೆ ಓದಬೇಕಾದ್ದು ನಾಲ್ಕನೆಯ ಸರ್ಗದ ಪ್ರೋಟಿಯಸ್‌ನ ಪ್ರಸಂಗ. ಮೆನೆಲಾಸ್ ಮತ್ತು ಅವನ ಜೊತೆಯವರು ಸೀಲ್‌ಗಳ ಹಸಿ ತೊಗಲು ಹೊದ್ದು ದಡದಲ್ಲಿ ಅಡಗಿದ್ದಾರೆ. ನಡುಹಗಲಿಗೆ ಸಮುದ್ರದ ಮುದುಕ ಪ್ರೋಟಿಯಸ್ ಮೇಲೆ ಬರುತ್ತಾನೆ, ತನ್ನ ಸೀಲ್‌ಗಳ ನಡುವೆ ಓಡಾಡಿ ಎಣಿಸುತ್ತಾನೆ, ಮೋಸ ಗೊತ್ತಾಗದೆ ಮೊದಲಿಗೆ ಇವರನ್ನೇ ಎಣಿಸುತ್ತಾನೆ. ಸಾಲು 451ರಲ್ಲಿ "ಲೆಕ್ತೊ" ಎಂದರೆ ಎಣಿಸಿದ. ಅದರ ಮುಂದಿನ ಸಾಲಿನಲ್ಲಿ "ಲೆಗೆ", ಇವರನ್ನೂ ಎಣಿಕೆಗೆ ಸೇರಿಸಿದ. 453ರಲ್ಲಿ ಮತ್ತೆ "ಲೆಕ್ತೊ" ಬರುತ್ತದೆ, ಆದರೆ ಈ ಬಾರಿ ಮುದುಕ ತಾನೂ ಮಲಗಿದ ಎಂದು ಅರ್ಥ. ಕಣ್ಣಿಗೆ ಎರಡೂ ಒಂದೇ ರೂಪ. ಬೇರು ಬೇರೆ ಬೇರೆ: ಮಲಗುವ ಲೆಕ್ತೊ, ಹಾಸಿಗೆ ಎಂಬರ್ಥದ ಲೆಖೊಸ್‌ನ ಬಳಗ. ಪದಮೂಲ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಸಿಗದು. ರೂಪ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬೇಡಿ. ಆಯುವುದಕ್ಕೂ ಮಲಗುವುದಕ್ಕೂ ಗಂಟು ಹಾಕಿ ಹೆಣೆದ ಸೊಗಸಾದ ತತ್ತ್ವಗಳು ನಿಮಗೆ ಎದುರಾದರೆ ಈ ಮೂರು ಸಾಲನ್ನು ನೆನೆಸಿಕೊಳ್ಳಿ.

ಆಯುವುದರಿಂದ ಎಣಿಸುವುದು, ಎಣಿಸುವುದರಿಂದ ಒಂದೊಂದಾಗಿ ಹೇಳುವುದು. ಈ ಹಾದಿ ಕನ್ನಡದವರಿಗೆ ಅಪರಿಚಿತವಲ್ಲ. ನಮ್ಮ "ಎಣಿಸು" ಸಂಖ್ಯೆಗೂ ಸಲ್ಲುತ್ತದೆ, "ಹಾಗೆಂದು ಎಣಿಸಿದ್ದೆ" ಎನ್ನುವಾಗ ಯೋಚನೆಗೂ ಸಲ್ಲುತ್ತದೆ. "ಲೆಕ್ಕ" ಕೂಡ ಹಾಗೆಯೇ: ಲೆಕ್ಕ ಮಾಡುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ, ಒಬ್ಬರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೊಗೊಸ್ ಬಂದ ವಾಕ್ಯವೊಂದು ಬಿಡಿಸಲಾಗದೆ ಕೂತಾಗ ನಾನು ಮೊದಲು "ಲೆಕ್ಕ" ಹಾಕಿ ನೋಡುತ್ತೇನೆ, ಕೂಡದಿದ್ದರೆ "ಮಾತು" ಹಾಕುತ್ತೇನೆ. ಈ ಕ್ರಮ ಹಿಂದುಮುಂದಾಗಬಾರದು. ಮಾತು ಎಲ್ಲ ಕಡೆಗೂ ಒಂದಿಷ್ಟು ಹೊಂದಿಬಿಡುತ್ತದೆ, ಹೊಂದಿದ ಮೇಲೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಹಳೆಯ ಬಳಕೆಗಳನ್ನು ಎಣಿಸಿ ನೋಡಿ

ಹೋಮರನಲ್ಲಿ ಕ್ರಿಯಾಪದ ಬೇಕಾದಷ್ಟಿದೆ. ಲೊಗೊಸ್ ಎಂಬ ನಾಮಪದವೋ ಎರಡೇ ಕಡೆ. ಇಲಿಯಡ್‌ನ 15ನೆಯ ಸರ್ಗದಲ್ಲಿ ಪಟ್ರೊಕ್ಲಸ್ ಗಾಯಗೊಂಡ ಯೂರಿಪೈಲಸ್‌ನ ಬಿಡಾರದಲ್ಲಿ ಕೂತು ಮಾತಿನಿಂದ ಅವನ ಮನಸ್ಸು ತಣಿಸುತ್ತ ಗಾಯಕ್ಕೆ ಮದ್ದು ಹಚ್ಚುತ್ತಿರುತ್ತಾನೆ. ಒಡಿಸ್ಸಿಯ ಮೊದಲ ಸರ್ಗದಲ್ಲಿ ಕಲಿಪ್ಸೊ ಮೃದುವಾದ, ಮರುಳು ಮಾಡುವ ಮಾತುಗಳಿಂದ ಒಡಿಸಿಯಸ್‌ಗೆ ಇಥಾಕಾ ಮರೆಸಲು ನೋಡುತ್ತಿರುತ್ತಾಳೆ. ಎರಡೂ ಕಡೆ ಬಹುವಚನ. ಎರಡೂ ಕಡೆ ಮಾತು ಇನ್ನೊಬ್ಬರ ಮನಸ್ಸನ್ನು ಎಲ್ಲಿಂದಲೋ ಎಲ್ಲಿಗೋ ಒಯ್ಯುತ್ತಿದೆ. ತೂಕದ ಮಾತಿಗೆ, ಸಭೆಯಲ್ಲಿ ಆಡುವ ಅಧಿಕಾರದ ಮಾತಿಗೆ ಹೋಮರನ ಪದ ಮೂಥೊಸ್. ಮುಂದೆ ಕಟ್ಟುಕಥೆ ಎಂಬ ಅರ್ಥಕ್ಕೆ ಇಳಿದದ್ದು ಇದೇ ಪದ.

ಇದಕ್ಕೇ ಹೇಳುವುದು, ಎದುರು ಪದವನ್ನು ಗಮನಿಸಿ ಎಂದು. ಮೂಥೊಸ್ ಸುಳ್ಳು, ಲೊಗೊಸ್ ನಿಜ, ಗ್ರೀಕರು ಒಂದರಿಂದ ಇನ್ನೊಂದಕ್ಕೆ ನಡೆದು ಬಂದರು ಎಂಬ ಸರಳ ಚಿತ್ರವನ್ನು ನೀವು ಓದಿರಬಹುದು. ಪಠ್ಯಗಳು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಕವಿ ಹೆಸಿಯಡ್‌ನಲ್ಲಿ, ದೇವರುಗಳು ರೂಪಿಸಿದ ಮೊದಲ ಹೆಣ್ಣು ಪ್ಯಾಂಡೊರಾಳ ಎದೆಯಲ್ಲಿ ಹರ್ಮಿಸ್ ದೇವತೆ ಇಡುವುದು ಸುಳ್ಳುಗಳನ್ನು ಮತ್ತು ಮರುಳು ಮಾಡುವ ಲೊಗೊಸ್‌ಗಳನ್ನು. ಪ್ಲೇಟೊನ ಗೊರ್ಗಿಯಾಸ್ ಸಂವಾದದ ಕೊನೆಯಲ್ಲಿ ಸತ್ತವರ ವಿಚಾರಣೆಯ ಕಥೆ ಹೇಳುವ ಮುನ್ನ ಸಾಕ್ರಟೀಸ್ ಕ್ಯಾಲಿಕ್ಲೀಸ್‌ಗೆ ಹೇಳುತ್ತಾನೆ: ನೀನು ಇದನ್ನು ಮೂಥೊಸ್ ಎನ್ನುವೆ, ನಾನು ಲೊಗೊಸ್ ಎನ್ನುತ್ತೇನೆ. ಕಥೆ ಒಂದೇ, ಕೇಳುವವನು ಹೇಳುವವನು ಇಟ್ಟುಕೊಳ್ಳುವ ಹೆಸರು ಬೇರೆ.

ಚರಿತ್ರೆಕಾರ ಥ್ಯುಸಿಡಿಡೀಸ್‌ನಲ್ಲಿ ಎದುರು ಪದ ಬದಲಾಗುತ್ತದೆ, ಅಲ್ಲಿ ಎರ್ಗೊನ್, ಅಂದರೆ ಕೆಲಸ, ಆದದ್ದು. ಪೆರಿಕ್ಲೀಸ್‌ನ ಕಾಲದ ಅಥೆನ್ಸ್ ಲೊಗೊಸ್‌ನಲ್ಲಿ ಪ್ರಜಾಪ್ರಭುತ್ವ, ಎರ್ಗೊನ್‌ನಲ್ಲಿ ಮೊದಲ ಪ್ರಜೆಯ ಆಳ್ವಿಕೆ ಎಂದು ಎರಡನೆಯ ಪುಸ್ತಕದಲ್ಲಿ ಬರೆಯುತ್ತಾನೆ. ಇಲ್ಲಿ ಲೊಗೊಸ್ ಎಂದರೆ ಬರಿ ಹೆಸರಿಗೆ, ಬಾಯಿಮಾತಿಗೆ. ವಿವೇಕ, ತರ್ಕ ಎಂಬ ಘನ ಅರ್ಥಗಳನ್ನು ತಲೆಯಲ್ಲಿಟ್ಟುಕೊಂಡು ಬಂದವರು ಈ ವಾಕ್ಯದಲ್ಲಿ ಎಡವುತ್ತಾರೆ.

ಕಸುಬು ಕೇಳಿ: ಯಾರ ಬಾಯಲ್ಲಿ?

ನಮ್ಮ ಗುಂಪಿನಲ್ಲಿ ಲೆಕ್ಕಪರಿಶೋಧನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ತತ್ತ್ವಶಾಸ್ತ್ರದ ಪಠ್ಯ ಬಂದಾಗ ಸುಮ್ಮನಿರುತ್ತಿದ್ದವರು, ಅಥೆನ್ಸ್‌ನ ಲೆಕ್ಕ ತಪಾಸಣೆಯ ಪಠ್ಯ ಬಂದಾಗ ಕುರ್ಚಿ ಮುಂದೆ ಎಳೆದುಕೊಂಡರು. ಅವರಿಗೆ ಗೊತ್ತಿದ್ದ ಲೋಕ ಅದು.

ಅಥೆನ್ಸ್‌ನಲ್ಲಿ ಅಧಿಕಾರದ ಅವಧಿ ಮುಗಿಸಿದ ಪ್ರತಿಯೊಬ್ಬನೂ ಲೊಗೊಸ್ ಕೊಡಬೇಕಿತ್ತು, ಎಂದರೆ ಲೆಕ್ಕ ಒಪ್ಪಿಸಬೇಕಿತ್ತು. ಅದನ್ನು ಪಡೆಯುವವರ ಹೆಸರು ಲೊಗಿಸ್ತೈ. ಅರಿಸ್ಟಾಟಲ್‌ನ ಹೆಸರಿನಲ್ಲಿರುವ ಅಥೆನ್ಸ್ ಸಂವಿಧಾನದ ವಿವರಣೆಯ ಪ್ರಕಾರ ಚೀಟಿ ಎತ್ತಿ ಆರಿಸಿದ ಹತ್ತು ಜನ ಲೊಗಿಸ್ತೈ, ಅವರ ಜೊತೆಗೆ ಹತ್ತು ಜನ ಸಹವಾದಿಗಳು. ಕ್ರಿ.ಪೂ. 330ರಲ್ಲಿ ಕ್ಟೆಸಿಫಾನ್‌ನ ವಿರುದ್ಧ ಮಾಡಿದ ಭಾಷಣದಲ್ಲಿ ಅಥೆನ್ಸ್‌ನ ವಾಗ್ಮಿ ಎಸ್ಕಿನೀಸ್ ಈ ಕಾನೂನನ್ನು ಬಿಡಿಸಿ ಹೇಳುತ್ತಾನೆ. ಪೂಜಾರಿಗಳಿಗೂ ವಿನಾಯಿತಿ ಇಲ್ಲ. ನಗರದ ಹಣ ಮುಟ್ಟದೇ ಇದ್ದವನೂ "ನಗರದ್ದೇನನ್ನೂ ಪಡೆದಿಲ್ಲ, ಏನನ್ನೂ ಖರ್ಚು ಮಾಡಿಲ್ಲ" ಎಂದು ಬರೆದುಕೊಡಬೇಕು. ಆಮೇಲೆ ಡಂಗುರದವನು ಎದ್ದು ಕೇಳುತ್ತಾನೆ: ಆರೋಪ ಹೊರಿಸಲು ಯಾರಿಗೆ ಮನಸ್ಸಿದೆ? ಇಲ್ಲಿಗೆ ಬಂದಾಗ ನಮ್ಮ ಹಿರಿಯರು "ಶೂನ್ಯವಿದ್ದರೂ ಲೆಕ್ಕ ಸಲ್ಲಿಸಬೇಕು, ನಮ್ಮಲ್ಲೂ ಅದೇ ನಿಯಮ" ಎಂದರು.

ಈಗ ಇದೇ ನುಡಿಗಟ್ಟನ್ನು ಪ್ಲೇಟೊನಲ್ಲಿ ಹುಡುಕಿ. ಲಾಖೀಸ್ ಸಂವಾದದಲ್ಲಿ ಸೇನಾಪತಿ ನಿಕಿಯಾಸ್ ಗೆಳೆಯರಿಗೆ ತಿಳಿಹೇಳುತ್ತಾನೆ: ಸಾಕ್ರಟೀಸ್‌ನ ಹತ್ತಿರ ಹೋಗಿ ಮಾತಿಗೆ ಕೂತರೆ, ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ನಿನ್ನ ಬಗ್ಗೆಯೇ ಲೊಗೊಸ್ ಕೊಡುವ ಹೊತ್ತು ಬರುತ್ತದೆ, ಹೇಗೆ ಬದುಕುತ್ತಿದ್ದೀಯ, ಇದುವರೆಗೆ ಹೇಗೆ ಬದುಕಿದೆ ಎಂದು. ಅನುವಾದಗಳಲ್ಲಿ "ವಿವರಣೆ ಕೊಡು" ಎಂದಿರುತ್ತದೆ. ಆದರೆ ಹೇಳುತ್ತಿರುವವನು ಅಧಿಕಾರ ಮುಗಿಸಿದಾಗಲೆಲ್ಲ ಲೊಗಿಸ್ತೈ ಎದುರು ನಿಲ್ಲಬೇಕಾದ ಸೇನಾಪತಿ. ಅವನ ಬಾಯಲ್ಲಿ ಆ ಪದಕ್ಕೆ ತಪಾಸಣೆಯ ಬಿಸಿ ಇದೆ. ತತ್ತ್ವಶಾಸ್ತ್ರದ ದೊಡ್ಡ ಪದವೊಂದು ಲೆಕ್ಕದ ಮೇಜಿನಿಂದ ಎದ್ದು ಬಂದದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದು ನನಗೆ ಗೊತ್ತಿಲ್ಲ. ಕಸುಬು ಕೇಳಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಗಣಿತದವರ ಬಾಯಲ್ಲಿ ಲೊಗೊಸ್ ಎಂದರೆ ಅನುಪಾತ. ಯೂಕ್ಲಿಡ್‌ನ ಐದನೆಯ ಪುಸ್ತಕದ ಮೂರನೆಯ ವ್ಯಾಖ್ಯೆ: ಒಂದೇ ಜಾತಿಯ ಎರಡು ಪರಿಮಾಣಗಳ ನಡುವೆ ಗಾತ್ರದ ವಿಷಯದಲ್ಲಿರುವ ಒಂದು ಬಗೆಯ ಸಂಬಂಧ. ತಂತಿಯ ಉದ್ದವನ್ನು ಎರಡಕ್ಕೊಂದು ಮಾಡಿದರೆ ಸ್ಥಾಯಿ ಬದಲಾಗುತ್ತದೆ, ಮೂರಕ್ಕೆರಡು ಮಾಡಿದರೆ ಷಡ್ಜದಿಂದ ಪಂಚಮ ಸಿಗುತ್ತದೆ. ಪೈಥಾಗೊರಸ್‌ನ ಪಂಥದವರನ್ನು ಬೆರಗಾಗಿಸಿದ ಲೊಗೊಸ್‌ಗಳಿವು. ಅನುಪಾತಕ್ಕೆ ಸಿಗದ್ದು ಅಲೊಗೊಸ್. ಅದೇ ಪದಕ್ಕೆ ಮಾತಿಲ್ಲದ್ದು, ವಿವೇಕವಿಲ್ಲದ್ದು ಎಂಬ ಅರ್ಥಗಳೂ ಇವೆ. ಮಾತಿಲ್ಲದ ಪ್ರಾಣಿ ಎಂಬುದರಿಂದ ಇಂದಿನ ಗ್ರೀಕಿನಲ್ಲಿ ಕುದುರೆಗೆ ಆಲೊಗೊ ಎಂಬ ಹೆಸರೇ ನಿಂತುಬಿಟ್ಟಿದೆ. ಅಲ್ಲಿ ಊಟ ಮುಗಿಸಿ ಬಿಲ್ ಕೇಳಬೇಕಾದರೆ ಲೊಗರಿಯಾಸ್ಮೊಸ್ ಎನ್ನಬೇಕು. ಹಳೆಯ ಲೆಕ್ಕ ಇನ್ನೂ ಜೀವಂತ ಇದೆ.

ಒಬ್ಬನೇ ಬರಹಗಾರನ ನಾಲ್ಕು ವಾಕ್ಯ

ಇಷ್ಟಾದ ಮೇಲೆ ಹೆರಾಕ್ಲಿಟಸ್‌ಗೆ ಹೋಗಿ, ಮೊದಲೇ ಬೇಡ. ಎಫಿಸಸ್‌ನವನು, ಕ್ರಿ.ಪೂ. 500ರ ಆಸುಪಾಸಿನವನು. ಅವನ ಪುಸ್ತಕ ಉಳಿದಿಲ್ಲ, ಬೇರೆಯವರು ಉದ್ಧರಿಸಿದ ತುಣುಕುಗಳಷ್ಟೇ ಇವೆ. ಅವನ ಲೊಗೊಸ್ ಎಂದರೆ ಜಗತ್ತನ್ನು ನಡೆಸುವ ತತ್ತ್ವ ಎಂದು ಪರಿಚಯದ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನೀವು ಒಂದು ಹಾಳೆಯಲ್ಲಿ ನಾಲ್ಕು ತುಣುಕು ಬರೆದುಕೊಳ್ಳಿ.

39ನೆಯದು: ಪ್ರೀನೆ ಊರಿನ ಬಿಯಾಸ್‌ನ ಲೊಗೊಸ್ ಮಿಕ್ಕವರದಕ್ಕಿಂತ ಹೆಚ್ಚು. ಇದರಲ್ಲಿ ತತ್ತ್ವ ಏನೂ ಇಲ್ಲ. ಅವನು ಲೆಕ್ಕಕ್ಕೆ ಬರುವ ಮನುಷ್ಯ, ಅಷ್ಟೆ. 31ನೆಯದು: ಭೂಮಿ ಮತ್ತೆ ಸಮುದ್ರವಾಗಿ ಕರಗಿದಾಗ, ಮೊದಲಿದ್ದ ಲೊಗೊಸ್‌ಗೇ ಅಳತೆಯಾಗುತ್ತದೆ. ಇದು ಪ್ರಮಾಣ, ಗಣಿತದವರ ಅರ್ಥಕ್ಕೆ ಹತ್ತಿರ. ಒಂದನೆಯದು: ಈ ಲೊಗೊಸ್ ಯಾವಾಗಲೂ ಇರುವಂಥದ್ದು, ಜನ ಕೇಳುವ ಮೊದಲೂ ಕೇಳಿದ ಮೇಲೂ ಅದನ್ನು ಅರಿಯರು. ಇಲ್ಲಿ ಲೊಗೊಸ್ ಎಂದರೆ ಅವನ ಕೈಯಲ್ಲಿರುವ ಈ ಪುಸ್ತಕದ ಮಾತೇ, ಅಥವಾ ಆ ಮಾತು ತೋರಿಸುತ್ತಿರುವ ಜಗತ್ತಿನ ಕ್ರಮವೇ? "ಕೇಳುವ" ಎಂಬ ಪದ ಮೊದಲನೆಯದರ ಕಡೆ ಎಳೆಯುತ್ತದೆ, "ಯಾವಾಗಲೂ ಇರುವ" ಎಂಬುದು ಎರಡನೆಯದರ ಕಡೆ. ಆ ಯಾವಾಗಲೂ ಎಂಬ ಪದವನ್ನು ಹಿಂದಕ್ಕೆ ಸೇರಿಸಿ ಓದಬೇಕೋ ಮುಂದಕ್ಕೆ ಸೇರಿಸಿ ಓದಬೇಕೋ ತಿಳಿಯುವುದಿಲ್ಲ ಎಂದು ಅರಿಸ್ಟಾಟಲ್ ಆಗಲೇ ತನ್ನ ವಾಗ್ಮಿತೆಯ ಪುಸ್ತಕದಲ್ಲಿ ಇದೇ ವಾಕ್ಯವನ್ನು ಎತ್ತಿ ಆಡಿದ್ದಾನೆ. 50ನೆಯದು: ನನ್ನನ್ನಲ್ಲ, ಲೊಗೊಸ್ ಅನ್ನು ಕೇಳಿ, ಎಲ್ಲವೂ ಒಂದೇ ಎಂದು ಒಪ್ಪುವುದು ಜಾಣತನ. ಇಲ್ಲಿ "ಒಪ್ಪು" ಎಂಬುದಕ್ಕೆ ಅವನ ಪದ ಹೊಮೊಲೊಗೆಇನ್, ಅದರ ಒಡಲಲ್ಲೇ ಲೊಗೊಸ್ ಇದೆ. ಅದೇ ಲೊಗೊಸ್ ಆಡು, ಅದರ ಜೊತೆ ಒಂದೇ ಲೆಕ್ಕಕ್ಕೆ ಬಾ ಎಂದಂತೆ.

ನಾಲ್ಕನ್ನೂ ಒಂದೇ ಕನ್ನಡ ಪದದಿಂದ ತುಂಬಿಸಲು ಪ್ರಯತ್ನಿಸಿ. ಆಗದು. ಆಗದು ಎಂಬುದನ್ನು ಕೈಯಾರೆ ಮಾಡಿ ಕಂಡುಕೊಂಡವರಿಗೆ ಆಮೇಲೆ ಯಾವ ಪರಿಚಯ ಪುಸ್ತಕದ ಒಂದು ಸಾಲೂ ಸಾಕೆನಿಸುವುದಿಲ್ಲ.

ಗ್ರೀಕರೇ ಈ ಅಭ್ಯಾಸ ಮಾಡಿದ್ದನ್ನು ಓದಬೇಕಿದ್ದರೆ ಪ್ಲೇಟೊನ ಥಿಯೇಟಿಟಸ್‌ನ ಕೊನೆಯ ಭಾಗ ನೋಡಿ. ಜ್ಞಾನವೆಂದರೆ ಲೊಗೊಸ್ ಸಮೇತವಾದ ನಿಜವಾದ ಅಭಿಪ್ರಾಯ ಎಂಬ ಮಾತು ಬಂದಾಗ ಸಾಕ್ರಟೀಸ್ ಹಾಗಾದರೆ ಲೊಗೊಸ್ ಎಂದರೇನು ಎಂದು ಮೂರು ಅರ್ಥ ಮುಂದಿಡುತ್ತಾನೆ. ಮನಸ್ಸಿನಲ್ಲಿದ್ದದ್ದನ್ನು ಮಾತಾಗಿಸುವುದು ಒಂದು. ವಸ್ತುವಿನ ಭಾಗಗಳನ್ನು ಒಂದೊಂದಾಗಿ ಹೇಳುವುದು ಇನ್ನೊಂದು. ಗಾಡಿಯ ನೂರು ಮರದ ತುಂಡು ಎಂಬ ಹೆಸಿಯಡ್‌ನ ಮಾತನ್ನು ಎತ್ತಿಕೊಂಡು, ನಮ್ಮನ್ನು ಕೇಳಿದರೆ ಚಕ್ರ, ಅಚ್ಚು, ನೊಗ ಎಂದು ಹೇಳಿ ಸುಮ್ಮನಾಗುತ್ತೇವೆ ಎನ್ನುತ್ತಾನೆ. ಬೇರೆಲ್ಲವುಗಳಿಂದ ಇದನ್ನು ಬೇರ್ಪಡಿಸುವ ಗುರುತು ಹೇಳುವುದು ಮೂರನೆಯದು: ಸೂರ್ಯನೆಂದರೆ ಭೂಮಿಯನ್ನು ಸುತ್ತುವ ಆಕಾಶಕಾಯಗಳಲ್ಲೆಲ್ಲ ಹೆಚ್ಚು ಪ್ರಕಾಶದ್ದು, ಎಂಬಂತೆ. ಮಾತು, ಎಣಿಕೆ, ಬೇರ್ಪಡಿಸಿ ಗುರುತಿಸುವುದು. ಅಸ್ಥಿ ಆಯುವಾಗ ಇದ್ದವೇ ಇಲ್ಲಿ ತತ್ತ್ವದ ಪ್ರಶ್ನೆಗಳಾಗಿವೆ. ಯಾವ ಅರ್ಥವೂ ಕೊನೆಗೆ ನಿಲ್ಲುವುದಿಲ್ಲ, ಸಂವಾದ ಉತ್ತರವಿಲ್ಲದೆ ಮುಗಿಯುತ್ತದೆ.

ಅನುವಾದಗಳ ಮುಂದೆ ಎಚ್ಚರ

ಪ್ರಾಣಿಗಳಲ್ಲಿ ಮನುಷ್ಯನಿಗೆ ಮಾತ್ರ ಲೊಗೊಸ್ ಇದೆ ಎಂದು ಅರಿಸ್ಟಾಟಲ್ ಪೊಲಿಟಿಕ್ಸ್‌ನ ಮೊದಲ ಪುಸ್ತಕದಲ್ಲಿ ಬರೆಯುತ್ತಾನೆ. ಲ್ಯಾಟಿನ್ ದಾರಿಯಲ್ಲಿ ಬಂದವರಿಗೆ ಇದು "ಬುದ್ಧಿಯುಳ್ಳ ಪ್ರಾಣಿ" ಎಂದು ಕೇಳಿಸುತ್ತದೆ. ಮುಂದಿನ ವಾಕ್ಯ ಓದಿ: ನೋವು ನಲಿವುಗಳನ್ನು ತಿಳಿಸುವ ದನಿ ಬೇರೆ ಪ್ರಾಣಿಗಳಿಗೂ ಇದೆ, ಲೊಗೊಸ್ ಇರುವುದು ಒಳಿತು ಕೆಡುಕುಗಳನ್ನು, ನ್ಯಾಯ ಅನ್ಯಾಯಗಳನ್ನು ತಿಳಿಸಲು. ದನಿಯ ಎದುರಿಗೆ ನಿಂತಿರುವುದರಿಂದ ಇಲ್ಲಿ ಅದು ಮೊದಲು ಮಾತು, ನ್ಯಾಯವನ್ನು ಕುರಿತು ಒಬ್ಬರಿನ್ನೊಬ್ಬರ ಜೊತೆ ಆಡಬಲ್ಲ ಮಾತು. ಮುಂದೆ ಬಂದ ತತ್ತ್ವಪಂಥದವರಾದ ಸ್ಟೋಯಿಕರು ಇದನ್ನು ಇನ್ನೂ ಬಿಡಿಸಿ, ಒಳಗಿನ ಲೊಗೊಸ್, ಹೊರಬರುವ ಲೊಗೊಸ್ ಎಂದು ಎರಡು ಮಾಡಿದರು. ಗಿಳಿ, ಕಾಗೆಗಳೂ ಸ್ಪಷ್ಟವಾಗಿ ಉಚ್ಚರಿಸುತ್ತವೆ, ಹಾಗಾಗಿ ಮನುಷ್ಯನ ವಿಶೇಷ ಇರುವುದು ಒಳಗಿನದರಲ್ಲಿ ಎಂಬುದು ಅವರ ವಾದ.

ಯೋಹಾನನ ಸುವಾರ್ತೆಯ ಮೊದಲ ಸಾಲು ಎಲ್ಲರೂ ಕೇಳಿದ್ದು: ಆದಿಯಲ್ಲಿ ಲೊಗೊಸ್ ಇತ್ತು. ಅಲ್ಲಿಗೆ ಬರುವ ಮುನ್ನ ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದ ಆಗಿಹೋಗಿತ್ತು, ಅದರ ವಿಮೋಚನಕಾಂಡದಲ್ಲಿ ಹತ್ತು ಆಜ್ಞೆಗಳು "ಹತ್ತು ಲೊಗೊಸ್‌ಗಳು". ದೇವರ ಆಜ್ಞೆ, ಆಡಿದೊಡನೆ ಆಗುವ ಮಾತು ಎಂಬ ಹೊಸ ನೀರು ಆ ಕಡೆಯಿಂದ ಹರಿದು ಬಂದಿದೆ. ಹೆರಾಕ್ಲಿಟಸ್‌ನನ್ನು ನೇರವಾಗಿ ಯೋಹಾನನ ಒಳಗೆ ಓದುವವರು ಈ ಕಾಲುವೆಯನ್ನು ಮರೆಯಬಾರದು. ಜೆರೋಮ್‌ನ ಲ್ಯಾಟಿನ್ ಪಠ್ಯ ಇಲ್ಲಿ ವೆರ್ಬುಮ್ ಎಂದಿತು, ಅಂದರೆ ಪದ. ಎರಾಸ್ಮಸ್ 1519ರ ತನ್ನ ಆವೃತ್ತಿಯಲ್ಲಿ ಅದನ್ನು ತೆಗೆದು ಸೆರ್ಮೊ, ಅಂದರೆ ಆಡುವ ಮಾತು ಎಂದು ಹಾಕಿದ, ಗದ್ದಲವೆದ್ದಿತು. ನನಗೆ ಎರಾಸ್ಮಸ್‌ನ ಪಕ್ಷವೇ ಇಷ್ಟ. ಲೊಗೊಸ್ ಎಂದೂ ಒಂಟಿ ಪದಕ್ಕೆ ಒಗ್ಗಿದ್ದಲ್ಲ, ಅದರಲ್ಲಿ ಯಾವಾಗಲೂ ಒಂದಕ್ಕಿಂತ ಹೆಚ್ಚು ಸಂಗತಿಗಳು ಕೂಡಿಕೊಂಡಿರುತ್ತವೆ.

ಸಮಾಸಪದಗಳಲ್ಲಿ ಹಳೆಯ ಅರ್ಥಗಳು ಬೆಚ್ಚಗೆ ಉಳಿದಿರುತ್ತವೆ. ಸಂಕಲನ ಎಂಬರ್ಥದ ಅಂಥೊಲೊಗಿಯಾದಲ್ಲಿ ಹೂ ಆಯುವುದು ಇದೆ. ಡೈಲಾಗ್‌ನಲ್ಲಿರುವ ದಿಯಾ ಎಂದರೆ ನಡುವೆ, ಮೂಲಕ. ಇಬ್ಬರೇ ಆಡಬೇಕು ಎಂಬ ನಿಯಮ ಅದರಲ್ಲಿಲ್ಲ. 1614ರಲ್ಲಿ ಜಾನ್ ನೇಪಿಯರ್ ಲಾಗರಿದಮ್ ಎಂಬ ಹೆಸರು ಕಟ್ಟಿದಾಗ ಅದರಲ್ಲಿ ಗಣಿತದವರ ಅನುಪಾತ ಕೂತಿತು. ಬಯಾಲಜಿಯಂಥ ಹೆಸರುಗಳು ಈಚಿನವು, ಅವುಗಳಿಂದ ಹಿಂದಕ್ಕೆ ಹೋಗಿ ಲೊಗೊಸ್ ಎಂದರೆ ಶಾಸ್ತ್ರ ಎಂದು ತೀರ್ಮಾನಿಸಬೇಡಿ.

ಕೈಗೆ ಬೇಕಾದ ಸಾಮಾನು

ಲಿಡೆಲ್ ಮತ್ತು ಸ್ಕಾಟ್ ಅವರ ಗ್ರೀಕ್-ಇಂಗ್ಲಿಷ್ ನಿಘಂಟು 1843ರಲ್ಲಿ ಮೊದಲು ಬಂತು, ಹೆನ್ರಿ ಸ್ಟುವರ್ಟ್ ಜೋನ್ಸ್ ಪರಿಷ್ಕರಿಸಿದ ಆವೃತ್ತಿ 1940ರಲ್ಲಿ ಮುಗಿಯಿತು. ಅದರಲ್ಲಿ ಲೊಗೊಸ್‌ನ ನಮೂದು ಅಂಕಣಗಟ್ಟಲೆ ಹಬ್ಬಿದೆ, ಶುರುವಾಗುವುದು ಗಣನೆ, ಲೆಕ್ಕ ಎಂಬ ಅರ್ಥದಿಂದ, ಮುಗಿಯುವುದು ದೇವರ ವಾಕ್ಯದಲ್ಲಿ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲೂ ಷಿಕಾಗೊ ವಿಶ್ವವಿದ್ಯಾಲಯದ ಲೊಗೆಯಾನ್‌ನಲ್ಲೂ ಇದು ಉಚಿತವಾಗಿ ಸಿಗುತ್ತದೆ. ನಿಘಂಟನ್ನು ಮೊದಲು ತೆರೆಯಬೇಡಿ. ವಾಕ್ಯ ಓದಿ, ನಿಮ್ಮ ಊಹೆ ಬರೆದಿಟ್ಟು, ಆಮೇಲೆ ನೋಡಿ. ಒಂದೊಂದು ಅರ್ಥದ ಕೆಳಗೂ ಅದು ಉದಾಹರಣೆಗಳ ಠಾವು ಕೊಡುತ್ತದೆ, ಅರ್ಥಕ್ಕಿಂತ ಬೆಲೆಬಾಳುವುದು ಆ ಠಾವುಗಳು.

ನನ್ನ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಐದು ಅಂಕಣ: ಎಲ್ಲಿದೆ, ಯಾವ ಕ್ರಿಯಾಪದದ ಜೊತೆ, ಎದುರು ಪದ ಯಾವುದು, ಹೇಳುತ್ತಿರುವವನ ಕಸುಬೇನು, ಸದ್ಯಕ್ಕೆ ಕನ್ನಡದಲ್ಲಿ ಏನು. ಕೊನೆಯ ಅಂಕಣವನ್ನು ಯಾವಾಗಲೂ ಪೆನ್ಸಿಲ್ಲಿನಲ್ಲಿ ಬರೆಯಿರಿ. ಕ್ರಿಯಾಪದದ ಅಂಕಣ ತುಂಬುತ್ತ ಬಂದಂತೆ ಮಾದರಿಗಳು ಕಾಣತೊಡಗುತ್ತವೆ. ಲೊಗೊಸ್ "ಕೊಡುವುದು" ಬಂದರೆ ಲೆಕ್ಕ ಒಪ್ಪಿಸುವುದು ಅಥವಾ ಕಾರಣ ಹೇಳುವುದು, "ಇರುವುದು" ಬಂದರೆ ಪ್ರಮಾಣ ಅಥವಾ ಅರ್ಥ, "ಹೇಳುವುದು" ಬಂದರೆ ಕಥೆ ಅಥವಾ ಭಾಷಣ. ಅಪವಾದಗಳಿರುತ್ತವೆ, ಅವುಗಳ ಪಕ್ಕ ಚುಕ್ಕೆ ಇಡಿ.

ಲೊಗೊಸ್ ಒಂದು ಹದಕ್ಕೆ ಬಂದ ಮೇಲೆ ಇದೇ ಪುಸ್ತಕದ ಹಿಂಬದಿಯಿಂದ ಫಾರ್ಮಕೊನ್ ಶುರು ಮಾಡಿ. ಮದ್ದು, ವಿಷ, ಮಾಟ, ಬಣ್ಣ ಎಲ್ಲಕ್ಕೂ ಅದೊಂದೇ ಪದ. ಪಟ್ರೊಕ್ಲಸ್ ಗಾಯಕ್ಕೆ ಹಚ್ಚುತ್ತಿದ್ದದ್ದು ಅದನ್ನೇ, ಲೊಗೊಸ್ ಬಂದ ಸಾಲಿನ ಮರುಸಾಲಿನಲ್ಲೇ ಸಿಗುತ್ತದೆ. ಅಲ್ಲಿಂದ ವಾಗ್ಮಿ ಗೊರ್ಗಿಯಾಸ್‌ನ ಹೆಲೆನ್ ಪ್ರಶಂಸೆಗೆ ಹೋಗಿ, ದೇಹಕ್ಕೆ ಮದ್ದುಗಳು ಹೇಗೋ ಆತ್ಮಕ್ಕೆ ಲೊಗೊಸ್ ಹಾಗೆ ಎಂದು ಅವನು ಎರಡು ಪದಗಳನ್ನೂ ತಕ್ಕಡಿಗೆ ಹಾಕುವುದನ್ನು ಓದಿ. ಆಮೇಲೆ ಪ್ಲೇಟೊನ ಫೀಡ್ರಸ್: ಥ್ಯೂಥ್ ದೇವತೆ ಅಕ್ಷರವನ್ನು ಕಂಡುಹಿಡಿದು, ಇದು ನೆನಪಿಗೆ ಫಾರ್ಮಕೊನ್ ಎಂದು ರಾಜನ ಮುಂದಿಡುತ್ತಾನೆ. ಅಲ್ಲಿ ಯಾವ ಕನ್ನಡ ಪದ ಹಾಕುತ್ತೀರಿ ಎಂಬುದನ್ನು ರಾಜನ ಉತ್ತರ ಓದುವ ಮೊದಲೇ ಬರೆದಿಟ್ಟುಕೊಳ್ಳಿ.